ಆಕಾಶದಿಂದ ಇಳಿಯುವ ಚಾನೆಲ್, ನೆಲದ ಮೇಲಿನ ಬೇಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊರದೇಶದಿಂದ ಬರುವ ಟಿವಿ ಚಾನೆಲ್‌ಗಳ ಕಾನೂನಿನ ಬಗ್ಗೆ ಬಂದ ಪತ್ರಗಳಲ್ಲಿ ಎಂಟನ್ನು ಈ ಸಲ ಆರಿಸಿಕೊಂಡಿದ್ದೇವೆ. ಸಿಗ್ನಲ್ ಯಾರ ಅಪ್ಪಣೆಯೂ ಇಲ್ಲದೆ ಮನೆಯ ತಾರಸಿ ಮೇಲೆ ಬಂದು ಬೀಳುವಾಗ ಸರ್ಕಾರ ತಡೆಯುವುದಾದರೂ ಏನನ್ನು ಎಂಬ ಗೊಂದಲ ಬಹುತೇಕ ಎಲ್ಲ ಪತ್ರಗಳಲ್ಲೂ ಇದೆ. ತಡೆಯುವುದು ಸಿಗ್ನಲ್ಲನ್ನಲ್ಲ; ಅದನ್ನು ಹಿಡಿದು ಹಂಚುವ ಕೇಬಲ್ಲನ್ನು, ಅದರ ಹಿಂದೆ ಬರುವ ದುಡ್ಡನ್ನು. ಇದೊಂದು ನೆನಪಿದ್ದರೆ ಮುಂದಿನ ಉತ್ತರಗಳು ಸಲೀಸಾಗಿ ಅರ್ಥವಾಗುತ್ತವೆ.

ಪ್ರಶ್ನೆ: ನಮ್ಮದು ಸಣ್ಣ ಕೇಬಲ್. ಎಂಟಡಿ ಡಿಶ್‌ಗೆ ಗಲ್ಫ್ ದೇಶದ ಒಂದು ಅರಬ್ಬಿ ಸುದ್ದಿ ಚಾನೆಲ್ ಚೆನ್ನಾಗಿ ಸಿಗುತ್ತದೆ. ಫ್ರೀ ಚಾನೆಲ್, ಕಾರ್ಡು ಬೇಡ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಗಿರಾಕಿಗಳು ಹಾಕಿ ಹಾಕಿ ಎನ್ನುತ್ತಾರೆ. ಹಾಕಬಹುದೇ? (ಕೇಬಲ್ ಆಪರೇಟರ್, ಭಟ್ಕಳ)

ಉತ್ತರ: ಪಟ್ಟಿ ನೋಡದೆ ಹಾಕಬೇಡಿ. ‘ಫ್ರೀ’ ಎಂದರೆ ಚಾನೆಲ್‌ನವರು ದುಡ್ಡು ಕೇಳುವುದಿಲ್ಲ ಎಂದಷ್ಟೇ ಅರ್ಥ. ಭಾರತದಲ್ಲಿ ತೋರಿಸಲು ಅನುಮತಿ ಇದೆ ಎಂದು ಅರ್ಥವಲ್ಲ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು, 1994ರಲ್ಲಿ 6ನೇ ನಿಯಮದ 6ನೇ ಉಪನಿಯಮ ತೆಗೆದು ನೋಡಿ. ಭಾರತದಲ್ಲಿ ನೋಡಲೆಂದು ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗದ ಚಾನೆಲ್ಲನ್ನು ಯಾವ ಆಪರೇಟರೂ ತನ್ನ ಕೇಬಲ್‌ನಲ್ಲಿ ಸೇರಿಸುವಂತಿಲ್ಲ ಎಂದು ಅಲ್ಲಿದೆ.

‘ಮೊದಲೆಲ್ಲ ಹಾಕುತ್ತಿದ್ದೆವಲ್ಲ’ ಎಂದು ಹಳೆಯ ಆಪರೇಟರ್‌ಗಳು ಹೇಳಿದರೆ ಅದೂ ಸುಳ್ಳಲ್ಲ. 1995ರ ಕೇಬಲ್ ಕಾಯ್ದೆಯ 5ನೇ ಕಲಮಿನಲ್ಲಿ ಒಂದು ವಿನಾಯಿತಿ ಇತ್ತು. ಡಿಕೋಡರ್‌ನಂಥ ವಿಶೇಷ ಉಪಕರಣ ಇಲ್ಲದೆ ಸಿಗುವ ವಿದೇಶಿ ಉಪಗ್ರಹ ಚಾನೆಲ್‌ಗಳಿಗೆ ಕಾರ್ಯಕ್ರಮ ಸಂಹಿತೆ (ಏನು ತೋರಿಸಬಾರದು ಎಂಬ ಸರ್ಕಾರದ ನಿಯಮಗಳು) ಅನ್ವಯಿಸುತ್ತಿರಲಿಲ್ಲ. 2000ದ ತಿದ್ದುಪಡಿಯಲ್ಲಿ ಆ ಸಾಲನ್ನು ಕಿತ್ತುಹಾಕಿದರು. ಹಾಗಾಗಿ ಹಳಬರ ನೆನಪು ಸರಿಯಾದರೂ ಈಗಿನ ಕಾನೂನು ಬೇರೆ.

ಚಾನೆಲ್ ಸೇರಿಸುವ ಮುಂಚೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜಾಲತಾಣದಲ್ಲಿರುವ ಅನುಮತಿ ಪಡೆದ ಖಾಸಗಿ ಉಪಗ್ರಹ ಚಾನೆಲ್‌ಗಳ ಪಟ್ಟಿ ತೆರೆಯಿರಿ. ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಒಂದೇ ಸಂಸ್ಥೆಯ ಇಂಗ್ಲಿಷ್ ಚಾನೆಲ್‌ಗೆ ಅನುಮತಿ ಇದ್ದು ಅರಬ್ಬಿ ಚಾನೆಲ್‌ಗೆ ಇಲ್ಲದಿರಬಹುದು. ಎಡವುವುದು ಹೆಚ್ಚಾಗಿ ಇಲ್ಲೇ: ಲೋಗೋ ಒಂದೇ, ಅನುಮತಿ ಬೇರೆ. ಆಮೇಲೆ ಅದು ಸುದ್ದಿ ವರ್ಗದ್ದೋ ಸುದ್ದಿಯೇತರ ವರ್ಗದ್ದೋ, ಅನುಮತಿ ಯಾವ ಭಾರತೀಯ ಕಂಪನಿಯ ಹೆಸರಿನಲ್ಲಿದೆ ಎಂದು ಬರೆದುಕೊಂಡು ಆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳಿ. ಪುಟದ ಪ್ರಿಂಟ್ ತೆಗೆದು ದಿನಾಂಕ ಹಾಕಿ ಫೈಲಿನಲ್ಲಿಡಿ.

ನೀವು ಎಂಎಸ್‌ಒ (ಚಾನೆಲ್‌ಗಳನ್ನು ಕಂಟ್ರೋಲ್ ರೂಮಿನಲ್ಲಿ ಒಟ್ಟುಮಾಡಿ ಸ್ಥಳೀಯ ಆಪರೇಟರ್‌ಗಳಿಗೆ ಕೊಡುವ ದೊಡ್ಡ ಕಂಪನಿ) ಅಲ್ಲದೆ ಬರಿಯ ಸ್ಥಳೀಯ ಆಪರೇಟರ್ ಆಗಿದ್ದರೆ ಇನ್ನೊಂದು ತೊಡಕೂ ಇದೆ. ಡಿಜಿಟಲ್ ಬಂದ ಮೇಲೆ ಕಂಟ್ರೋಲ್ ರೂಮಿನಿಂದ ಸೆಟ್‌ಟಾಪ್ ಬಾಕ್ಸ್‌ವರೆಗೆ ಎಲ್ಲವೂ ಎನ್‌ಕ್ರಿಪ್ಟ್ (ಸಂಕೇತದ ಬೀಗ ಹಾಕಿ) ಆಗಿಯೇ ಹೋಗಬೇಕು (ಕಾಯ್ದೆಯ 4ಎ ಕಲಮು). ನಡುವೆ ಒಂದು ಮಾಡ್ಯುಲೇಟರ್ (ಕೇಬಲ್‌ಗೆ ಚಾನೆಲ್ ಸೇರಿಸುವ ಪೆಟ್ಟಿಗೆ) ಇಟ್ಟು ಚಾನೆಲ್ ತೂರಿಸಿದರೆ ಅದೇ ಎರಡನೇ ಉಲ್ಲಂಘನೆ. ಎಂಎಸ್‌ಒಗಳು ಸ್ವಂತ ಕಾರ್ಯಕ್ರಮಕ್ಕೆಂದು ಇಟ್ಟುಕೊಳ್ಳುವ ‘ಪ್ಲಾಟ್‌ಫಾರ್ಮ್ ಸರ್ವೀಸ್’ ಚಾನೆಲ್‌ನೊಳಗೂ ಅನುಮತಿಯಿಲ್ಲದ ವಿದೇಶಿ ಚಾನೆಲ್ ಹರಿಸುವಂತಿಲ್ಲ.

ತಪಾಸಣೆಗೆ ಬರುವವರು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಮಟ್ಟದ ಅಧಿಕೃತ ಅಧಿಕಾರಿ. 11ನೇ ಕಲಮಿನಂತೆ ಉಪಕರಣ ಜಪ್ತಿ ಮಾಡುವ ಅಧಿಕಾರ ಅವರಿಗಿದೆ. 16ನೇ ಕಲಮಿನಲ್ಲಿದ್ದ ಜೈಲು ಶಿಕ್ಷೆಯನ್ನು 2023ರ ಜನ್ ವಿಶ್ವಾಸ್ ಕಾಯ್ದೆ ತೆಗೆದುಹಾಕಿ ಸಲಹೆ, ಎಚ್ಚರಿಕೆ, ಛೀಮಾರಿ, ದಂಡ ಇಷ್ಟಕ್ಕೆ ಇಳಿಸಿದೆ. ಹಾಗೆಂದು ನಿರಾಳವಾಗಬೇಡಿ. ರಿಸೀವರ್, ಎನ್‌ಕೋಡರ್ ಎತ್ತಿಕೊಂಡು ಹೋದರೆ ಊರಿಗೆಲ್ಲ ಪರದೆ ಕಪ್ಪು, ಮಾರನೇ ದಿನ ಗಿರಾಕಿ ಡಿಟಿಎಚ್ ಅಂಗಡಿಯಲ್ಲಿ.

ಪ್ರಶ್ನೆ: ಚಾನೆಲ್ ಕಂಪನಿ ಸಿಂಗಪುರದಲ್ಲಿ, ಉಪಗ್ರಹ ಇನ್ಯಾರದೋ. ನಮ್ಮ ಕಾನೂನಿನ ಕೈಗೆ ಸಿಗುವವರು ಯಾರು? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು)

ಉತ್ತರ: 2005ರವರೆಗೆ ಚಾನೆಲ್ ಕಡೆಯವರು ನಿಜವಾಗಿ ಯಾರೂ ಸಿಗುತ್ತಿರಲಿಲ್ಲ. 1991ರಲ್ಲಿ ಹಾಂಗ್‌ಕಾಂಗ್‌ನ ಸ್ಟಾರ್ ಟಿವಿ ಏಷ್ಯಾಸ್ಯಾಟ್-1 ಉಪಗ್ರಹದಿಂದ ಪ್ರಸಾರ ಶುರು ಮಾಡಿದಾಗ ನಮ್ಮಲ್ಲಿದ್ದ ಕಾನೂನು 1885ರ ಟೆಲಿಗ್ರಾಫ್ ಕಾಯ್ದೆ. ಅದರ ಪ್ರಕಾರ ಭಾರತದ ನೆಲದಿಂದ ಪ್ರಸಾರ ಮಾಡುವ ಹಕ್ಕು ಸರ್ಕಾರದ್ದು. ಹೊರಗಿನಿಂದ ಬಂದು ಬೀಳುವ ಸಿಗ್ನಲ್ ಬಗ್ಗೆ ಅದಕ್ಕೆ ಕಲ್ಪನೆಯೇ ಇರಲಿಲ್ಲ. ಪರಿಣಾಮ ತಮಾಷೆಯಾಗಿತ್ತು: ಇಲ್ಲೇ ತಯಾರಾದ ಕಾರ್ಯಕ್ರಮಗಳ ಕ್ಯಾಸೆಟ್ಟು ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ಮತ್ತೆ ಇಲ್ಲಿಗೇ ಇಳಿಯುತ್ತಿತ್ತು. ಕಾನೂನಿಗೆ ಸಿಕ್ಕವನು ಬೀದಿಯ ಕೇಬಲ್‌ನವನು ಒಬ್ಬನೇ. 1994ರ ಸುಗ್ರೀವಾಜ್ಞೆ, 1995ರ ಕೇಬಲ್ ಕಾಯ್ದೆ ಅವನ ಹೆಗಲಿಗೆ ಭಾರ ಹೊರಿಸಿದ್ದು ಅದಕ್ಕೇ.

2005ರ ನವೆಂಬರ್ 11ರ ಡೌನ್‌ಲಿಂಕಿಂಗ್ (ಉಪಗ್ರಹದಿಂದ ಚಾನೆಲ್ ಇಳಿಸಿಕೊಳ್ಳುವ) ಮಾರ್ಗಸೂಚಿ ಆಟವನ್ನು ಬದಲಿಸಿತು. ಅದನ್ನು 2011ರಲ್ಲಿ ಪರಿಷ್ಕರಿಸಿದರು. ಆಮೇಲೆ 2022ರ ನವೆಂಬರ್ 9ರಂದು ಹೊಸ ಮಾರ್ಗಸೂಚಿ ಬಂತು. ತಿರುಳು ಇಷ್ಟು: ವಿದೇಶಿ ಚಾನೆಲ್ ಇಲ್ಲಿ ಹಂಚಿಕೆಯಾಗಬೇಕಾದರೆ ಭಾರತದಲ್ಲಿ ನೋಂದಣಿಯಾದ ಒಂದು ಸಂಸ್ಥೆ ಅದರ ಪರವಾಗಿ ಅನುಮತಿ ಪಡೆಯಬೇಕು. ಆ ಸಂಸ್ಥೆ ಒಂದೋ ಚಾನೆಲ್‌ನ ಒಡೆಯನಾಗಿರಬೇಕು, ಇಲ್ಲವೇ ಭಾರತಕ್ಕೆ ಸಂಬಂಧಪಟ್ಟ ಜಾಹೀರಾತು ಮತ್ತು ಚಂದಾ ವರಮಾನ ಸೇರಿ ವಿತರಣೆಯ ಏಕಮಾತ್ರ ಹಕ್ಕು ಹೊಂದಿರಬೇಕು. ಬರೀ ಅಂಚೆಪೆಟ್ಟಿಗೆಯಂಥ ಕಚೇರಿ ನಡೆಯುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವೂ ಇಲ್ಲೇ ಇರಬೇಕು. ದಂಡ ಬಿದ್ದರೆ ಕಟ್ಟುವವರು ಅವರೇ.

ಲೆಕ್ಕಕ್ಕೆ ಒಂದು ಉದಾಹರಣೆ. ಮೂರು ವಿದೇಶಿ ಚಾನೆಲ್ ಇಳಿಸಬೇಕೆಂದಿಟ್ಟುಕೊಳ್ಳಿ. ಅರ್ಜಿ ಹಾಕುವ ಕಂಪನಿಗೆ ಇರಬೇಕಾದ ನಿವ್ವಳ ಮೌಲ್ಯ (ಸಾಲ ಕಳೆದು ಉಳಿಯುವ ಆಸ್ತಿ) ಮೊದಲ ಚಾನೆಲ್‌ಗೆ 5 ಕೋಟಿ, ನಂತರದ ಒಂದೊಂದಕ್ಕೂ 2.5 ಕೋಟಿ, ಒಟ್ಟು 10 ಕೋಟಿ ರೂಪಾಯಿ. ವಾರ್ಷಿಕ ಶುಲ್ಕ ಚಾನೆಲ್ಲಿಗೆ 15 ಲಕ್ಷದಂತೆ 45 ಲಕ್ಷ. ಅರ್ಜಿ ಶುಲ್ಕ ಚಾನೆಲ್ಲಿಗೆ 10,000. ಅನುಮತಿಯ ಅವಧಿ 10 ವರ್ಷ. ಅದೇ ಚಾನೆಲ್ ಭಾರತದ ನೆಲದಿಂದ ಅಪ್‌ಲಿಂಕ್ ಆದರೆ (ಉಪಗ್ರಹಕ್ಕೆ ಏರಿದರೆ) ಅಪ್‌ಲಿಂಕ್‌ಗೆ 2 ಲಕ್ಷ, ಡೌನ್‌ಲಿಂಕ್‌ಗೆ 5 ಲಕ್ಷ, ವರ್ಷಕ್ಕೆ 7 ಲಕ್ಷವಷ್ಟೇ. ಹದಿನೈದಕ್ಕೂ ಏಳಕ್ಕೂ ನಡುವಿನ ಅಂತರ ಸುಮ್ಮನೆ ಇಟ್ಟದ್ದಲ್ಲ. ‘ಇಲ್ಲಿಂದಲೇ ಏರಿಸಿ, ನಮ್ಮ ಕಣ್ಣೆದುರು ಇರಿ’ ಎಂಬ ಮಾತನ್ನು ರೂಪಾಯಿಯಲ್ಲಿ ಹೇಳಿದ್ದು.

ಅರ್ಜಿ ಎಲ್ಲಿ ಬಿದ್ದುಹೋಗುತ್ತದೆ? ಮೂಲ ದೇಶದ ನಿಯಂತ್ರಕರ ಪರವಾನಗಿ ಕಡ್ಡಾಯ. ಅದು ಚಾನೆಲ್‌ನ ಹಳೆಯ ಹೆಸರಿನಲ್ಲಿದ್ದರೆ ಅರ್ಜಿ ವಾಪಸ್. ಹಕ್ಕುಪತ್ರದಲ್ಲಿ ‘ವಿತರಣೆ’ ಎಂದಷ್ಟೇ ಇದ್ದು ಜಾಹೀರಾತು ವರಮಾನದ ಮಾತು ಇಲ್ಲದಿದ್ದರೂ ವಾಪಸ್. ನಿರ್ದೇಶಕರ ಬಗ್ಗೆ ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಬೇಕು. ನಡುವೆ ನಿರ್ದೇಶಕರು ಬದಲಾದರೆ ಮತ್ತೆ ಕಾಯಬೇಕು. ಸುದ್ದಿ ಚಾನೆಲ್‌ಗೆ ಷರತ್ತು ಇನ್ನೂ ಬಿಗಿ. ಅದು ಭಾರತದ ವೀಕ್ಷಕರಿಗೆಂದೇ ತಯಾರಾದದ್ದಾಗಿರಬಾರದು, ಎಲ್ಲೆಡೆ ತೋರಿಸುವ ಅಂತರರಾಷ್ಟ್ರೀಯ ಚಾನೆಲ್ಲೇ ಆಗಿರಬೇಕು, ಭಾರತದ ವೀಕ್ಷಕರನ್ನು ಗುರಿಯಾಗಿಸಿದ ಜಾಹೀರಾತು ಹಾಕಬಾರದು. ಕೊನೆಯದಕ್ಕೆ ಸರ್ಕಾರ ಬೇಕಾದಾಗ ವಿನಾಯಿತಿ ಕೊಡಬಹುದು.

ಪ್ರಶ್ನೆ: ನಮ್ಮ ದೇಶದ ನಕ್ಷೆ ತಪ್ಪು ತೋರಿಸಿದ್ದಕ್ಕೆ ಒಂದು ವಿದೇಶಿ ಚಾನೆಲ್ಲನ್ನು ಐದು ದಿನ ನಿಲ್ಲಿಸಿದ್ದರಂತೆ. ಆಕಾಶದಲ್ಲಿರುವುದನ್ನು ನಿಲ್ಲಿಸಿದ್ದು ಹೇಗೆ? (ನಿವೃತ್ತ ಶಿಕ್ಷಕರು, ಬೆಳಗಾವಿ)

ಉತ್ತರ: ಅದು ಅಲ್ ಜಝೀರಾ, 2015ರ ಏಪ್ರಿಲ್ 22ರಿಂದ 27ರವರೆಗೆ. 2013 ಮತ್ತು 2014ರಲ್ಲಿ ತೋರಿಸಿದ ಕೆಲವು ನಕ್ಷೆಗಳಲ್ಲಿ ಕಾಶ್ಮೀರದ ಭಾಗ ಬಿಟ್ಟುಹೋಗಿದೆ ಎಂಬುದು ಆಕ್ಷೇಪ. ಉಪಗ್ರಹವನ್ನು ಯಾರೂ ಮುಟ್ಟಲಿಲ್ಲ. ಕೇಬಲ್ ಕಾಯ್ದೆಯ 20ನೇ ಕಲಮಿನಂತೆ ಹಾಗೂ ಮಾರ್ಗಸೂಚಿಯಂತೆ ಆದೇಶ ಹೊರಟದ್ದು ಅನುಮತಿ ಪಡೆದ ಭಾರತೀಯ ಸಂಸ್ಥೆಗೆ ಮತ್ತು ಕೇಬಲ್, ಡಿಟಿಎಚ್ ವಿತರಕರಿಗೆ. ಕಂಟ್ರೋಲ್ ರೂಮಿನಲ್ಲಿ ಆ ಚಾನೆಲ್‌ನ ಜಾಗಕ್ಕೆ ಒಂದು ಸೂಚನಾ ಫಲಕ ಹಾಕಿದರೆ ಮುಗಿಯಿತು. ದೊಡ್ಡ ಡಿಶ್ ಇಟ್ಟುಕೊಂಡು ನೇರವಾಗಿ ಹಿಡಿಯುವವನಿಗೆ ಚಾನೆಲ್ ಆ ಐದು ದಿನವೂ ಆಕಾಶದಲ್ಲೇ ಇತ್ತು.

ಇಂಥವು ಇನ್ನೂ ಇವೆ. ಎಎಕ್ಸ್‌ಎನ್‌ಗೆ 2007ರಲ್ಲಿ ಎರಡು ತಿಂಗಳು, ಎಫ್‌ಟಿವಿಗೆ ಅದೇ ವರ್ಷ ಎರಡು ತಿಂಗಳು ಹಾಗೂ 2010ರಲ್ಲಿ ಒಂಬತ್ತು ದಿನ ನಿಷೇಧ. ಈ ಶಿಕ್ಷೆಯ ಪೆಟ್ಟು ಬೀಳುವುದು ಪರದೆಗಿಂತ ಹೆಚ್ಚಾಗಿ ಜಾಹೀರಾತು ವರಮಾನದ ಪುಸ್ತಕಕ್ಕೆ. ಅನುಮತಿಯನ್ನೇ ಪಡೆಯದ ಚಾನೆಲ್‌ಗೆ ಈ ಪೆಟ್ಟು ತಾಗುವುದೇ ಇಲ್ಲ. ಅಲ್ಲಿ ಕೇಬಲ್‌ನವರಿಗೆ ಸುತ್ತೋಲೆ ಕಳಿಸುವುದೊಂದೇ ದಾರಿ. 2016ರಲ್ಲಿ ಧಾರ್ಮಿಕ ಚಾನೆಲ್ ಪೀಸ್ ಟಿವಿ ವಿಷಯದಲ್ಲಿ ಆದದ್ದು ಇದು. ಬ್ರಿಟನ್ನಿನಲ್ಲಿ ಆ ಚಾನೆಲ್‌ಗೆ ಸ್ಥಳೀಯ ಪರವಾನಗಿದಾರರಿದ್ದರು. ಹಾಗಾಗಿ 2020ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಇಂಗ್ಲಿಷ್ ಚಾನೆಲ್‌ಗೆ 1 ಲಕ್ಷ, ಉರ್ದು ಚಾನೆಲ್‌ಗೆ 2 ಲಕ್ಷ ಪೌಂಡ್ ದಂಡ ಹಾಕಲು ಆಯಿತು. ಕೈಗೆ ಸಿಗುವವನಿದ್ದರೆ ದಂಡ, ಇಲ್ಲದಿದ್ದರೆ ಸುತ್ತೋಲೆ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ನಮ್ಮ ಮನೆಯ ಡಿಟಿಎಚ್ ಬಾಕ್ಸ್ ಒಯ್ದರೆ ಅಲ್ಲಿ ಕನ್ನಡ ಚಾನೆಲ್ ಬರುತ್ತದೆಯೇ? ಇಲ್ಲಿಂದಲೇ ರೀಚಾರ್ಜ್ ಮಾಡಬಹುದಲ್ಲ? (ಗೃಹಿಣಿ, ಉಡುಪಿ)

ಉತ್ತರ: ಅಮ್ಮಾ, ಬಂದರೂ ಬರಬಹುದು, ಆದರೆ ಒಯ್ಯಬೇಡಿ. ನಮ್ಮ ಡಿಟಿಎಚ್ ನಡೆಯುವುದು ಕು-ಬ್ಯಾಂಡ್ ಎಂಬ, ಪುಟ್ಟ ತಟ್ಟೆಗೂ ಸಿಗುವ ತರಂಗಾಂತರದಲ್ಲಿ. ಟಾರ್ಚ್ ಬೆಳಕಿನ ಹಾಗೆ ಅದನ್ನು ಭಾರತದ ಮೇಲೆ ಬೀಳುವಂತೆ ಹೊಂದಿಸಿರುತ್ತಾರೆ. ನಡುವೆ ಪ್ರಖರ, ಅಂಚಿನಲ್ಲಿ ಮಂಕು. ಉಡುಪಿಯಲ್ಲಿ 60 ಸೆಂಟಿಮೀಟರ್ ತಟ್ಟೆ ಸಾಕು. ಅಂಚಿನಾಚೆಗೆ ಅದಕ್ಕಿಂತ ಬಹಳ ದೊಡ್ಡ ತಟ್ಟೆ, ಕರಾರುವಾಕ್ಕಾದ ಎಲ್‌ಎನ್‌ಬಿ (ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಭಾಗ) ತಿರುವು ಬೇಕು. ಧೂಳು ಗಾಳಿಗೆ ತಟ್ಟೆ ಒಂದು ಡಿಗ್ರಿ ಅಲುಗಿದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಕಾನೂನಿನ ಮಾತು ಬೇರೆಯೇ. ಡಿಟಿಎಚ್ ಕಂಪನಿಗೆ ಸಿಕ್ಕಿರುವ ಪರವಾನಗಿ ಭಾರತದೊಳಗಿನ ಸೇವೆಗೆ. ಚಾನೆಲ್‌ಗಳು ಸಿನಿಮಾ, ಕ್ರಿಕೆಟ್ ಹಕ್ಕು ಕೊಳ್ಳುವುದೂ ದೇಶವಾರು ಲೆಕ್ಕದಲ್ಲಿ. ಅದೇ ಪಂದ್ಯದ ಗಲ್ಫ್ ಹಕ್ಕು ಇನ್ನೊಬ್ಬರು ದುಡ್ಡು ಕೊಟ್ಟು ಕೊಂಡಿರುತ್ತಾರೆ. ಪರದೆಯ ಮೇಲೆ ಆಗಾಗ ಒಂದು ಉದ್ದ ಸಂಖ್ಯೆ ಮಿಂಚಿ ಮಾಯವಾಗುವುದನ್ನು ನೀವು ನೋಡಿರಬಹುದು. ಅದಕ್ಕೆ ಫಿಂಗರ್‌ಪ್ರಿಂಟ್ ಎನ್ನುತ್ತಾರೆ; ಯಾವ ಕಾರ್ಡಿನಿಂದ ಈ ಚಿತ್ರ ಬರುತ್ತಿದೆ ಎಂಬ ಗುರುತು. ಹೊರದೇಶದ ಪರದೆಯ ಫೋಟೋದಲ್ಲಿ ಆ ಸಂಖ್ಯೆ ಸಿಕ್ಕರೆ ಬಂದ್ ಆಗುವುದು ನಿಮ್ಮ ಹೆಸರಿನ ಕಾರ್ಡು. ಅಲ್ಲಿನ ಪರವಾನಗಿ ಇರುವ ಸೇವೆಯಲ್ಲಿ ಕನ್ನಡ ಚಾನೆಲ್‌ಗಳ ಪ್ಯಾಕ್ ಇದೆಯೇ ಎಂದು ಮಗನಿಗೆ ವಿಚಾರಿಸಲು ಹೇಳಿ. ಅಥವಾ ಆ ದೇಶಕ್ಕೆಂದೇ ಕೊಡುವ ಆ್ಯಪ್ ಚಂದಾ ತೆಗೆದುಕೊಳ್ಳಲಿ.

ಪ್ರಶ್ನೆ: ಯುರೋಪಿನಲ್ಲಿ ಇಷ್ಟೊಂದು ಪುಟ್ಟ ದೇಶಗಳು ಒತ್ತೊತ್ತಾಗಿವೆ. ಪ್ರತಿ ಚಾನೆಲ್‌ಗೂ ಪ್ರತಿ ದೇಶದ ಅನುಮತಿ ಬೇಕೇ? (ಕಾನೂನು ವಿದ್ಯಾರ್ಥಿ, ಧಾರವಾಡ)

ಉತ್ತರ: ಬೇಡ. ಅಲ್ಲಿ ದಾರಿ ನಮ್ಮದಕ್ಕೆ ತದ್ವಿರುದ್ಧ. 1989ರ ಅಕ್ಟೋಬರ್ 3ರ ‘ಗಡಿಗಳಿಲ್ಲದ ಟೆಲಿವಿಷನ್’ ನಿರ್ದೇಶನದ (ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಯುರೋಪಿನ ಕಾನೂನು) ಬುನಾದಿಯೇ ಮೂಲ ದೇಶದ ತತ್ವ. ಚಾನೆಲ್ ಯಾವ ಸದಸ್ಯ ದೇಶದಲ್ಲಿ ನೆಲೆಸಿದೆಯೋ ಆ ದೇಶ ಒಂದೇ ಅದನ್ನು ನಿಯಂತ್ರಿಸುತ್ತದೆ. ಉಳಿದವರು ಬಾಗಿಲು ತೆರೆದಿಡಬೇಕು. 2010ರಲ್ಲಿ ಇದನ್ನು ಶ್ರವ್ಯ-ದೃಶ್ಯ ಮಾಧ್ಯಮ ಸೇವೆಗಳ ನಿರ್ದೇಶನವಾಗಿ ಕ್ರೋಡೀಕರಿಸಿದರು, 2018ರಲ್ಲಿ ತಿದ್ದಿ ವಿಡಿಯೊ ಹಂಚಿಕೆ ತಾಣಗಳನ್ನೂ ಒಳಗೆ ತಂದರು.

ತತ್ವ ಕೇಳಲು ಚೆಂದ. ಡೈನೊಸಾರ್ ಪ್ರಕರಣದಲ್ಲಿ ಅದರ ಇಕ್ಕಟ್ಟು ಕಾಣುತ್ತದೆ. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿ ಟಿವಿ ಜಾಹೀರಾತು ಮಾಡುವಂತಿಲ್ಲ. ಡಿ ಅಗೊಸ್ಟಿನಿ ಎಂಬ ಪ್ರಕಾಶಕರು ಡೈನೊಸಾರ್ ಬಗ್ಗೆ ಮಕ್ಕಳ ಪತ್ರಿಕೆ ತಂದರು. ಪ್ರತಿ ಸಂಚಿಕೆಯ ಜೊತೆ ಒಂದೊಂದು ತುಂಡು, ಎಲ್ಲ ಸಂಚಿಕೆ ಕೊಂಡರೆ ಪೂರ್ತಿ ಗೊಂಬೆ. ಜಾಹೀರಾತು ಬ್ರಿಟನ್ನಿನಿಂದ ಉಪಗ್ರಹದ ಮೂಲಕ ಬರುತ್ತಿದ್ದ ಟಿವಿ3ಯಲ್ಲೂ, ಸ್ವೀಡನ್ನಿನದೇ ಆದ ಟಿವಿ4ರಲ್ಲೂ ಬಂತು. 1997ರ ಜುಲೈ 9ರಂದು ಯುರೋಪಿನ ನ್ಯಾಯಾಲಯ ಹೇಳಿದ್ದು: ಮಕ್ಕಳ ಜಾಹೀರಾತು ನಿಷೇಧವನ್ನು ಹೊರಗಿನಿಂದ ಬರುವ ಪ್ರಸಾರಕ್ಕೆ ಅನ್ವಯಿಸುವಂತಿಲ್ಲ, ಆದರೆ ದಾರಿತಪ್ಪಿಸುವ ಜಾಹೀರಾತಿನ ಸಾಮಾನ್ಯ ಕಾನೂನಿನಡಿ ಜಾಹೀರಾತುದಾರನ ಮೇಲೆ ಕ್ರಮ ಜರುಗಿಸಬಹುದು. ಅದೇ ಜಾಹೀರಾತು, ಅದೇ ಮಗು, ಅದೇ ಸೋಫಾ. ಆದರೂ ಮನೆಯ ಚಾನೆಲ್‌ಗೆ ಕಟ್ಟು, ಹೊರಗಿನದಕ್ಕೆ ಇಲ್ಲ.

ಎಲ್ಲಿ ‘ನೆಲೆಸಿದೆ’ ಎಂದು ನಿರ್ಧರಿಸುವುದಕ್ಕೆ ಮುಖ್ಯ ಕಚೇರಿ, ಕಾರ್ಯಕ್ರಮದ ತೀರ್ಮಾನ ಆಗುವ ಜಾಗ, ಸಿಬ್ಬಂದಿಯ ಗಣನೀಯ ಭಾಗ ಕೆಲಸ ಮಾಡುವ ಜಾಗ, ಇವನ್ನು ನೋಡುತ್ತಾರೆ. ಯಾವುದೂ ಯುರೋಪಿನಲ್ಲಿ ಇಲ್ಲದಿದ್ದರೆ ಅಪ್‌ಲಿಂಕ್ ಎಲ್ಲಿಂದ, ಅದೂ ಇಲ್ಲದಿದ್ದರೆ ಉಪಗ್ರಹ ಯಾರದು ಎಂದು ನೋಡುತ್ತಾರೆ. ಈ ಕೊನೆಯ ಕೊಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದು 2021ರಲ್ಲಿ ಕಂಡಿತು. ಚೀನಾದ ಸುದ್ದಿ ಚಾನೆಲ್ ಸಿಜಿಟಿಎನ್‌ನ ಪರವಾನಗಿಯನ್ನು ಆಫ್‌ಕಾಮ್ ಫೆಬ್ರುವರಿ 4ರಂದು ರದ್ದುಮಾಡಿತು. ಪರವಾನಗಿ ಹೊಂದಿದ ಕಂಪನಿಯ ಕೈಯಲ್ಲಿ ಸಂಪಾದಕೀಯ ಹಿಡಿತವೇ ಇಲ್ಲ ಎಂಬುದು ಕಾರಣ. ವಾರ ಕಳೆಯುತ್ತಲೇ ಚೀನಾ ಬಿಬಿಸಿ ವರ್ಲ್ಡ್ ನ್ಯೂಸ್‌ಗೆ ತಡೆ ಹಾಕಿತು. ಮಾರ್ಚ್‌ನಲ್ಲಿ ಫ್ರಾನ್ಸಿನ ನಿಯಂತ್ರಕರು ಸಿಜಿಟಿಎನ್ ತಮ್ಮ ವ್ಯಾಪ್ತಿಗೆ ಬರುತ್ತದೆ ಎಂದರು, ಏಕೆಂದರೆ ಅದು ಬಳಸುವ ಯೂಟೆಲ್‌ಸ್ಯಾಟ್ ಉಪಗ್ರಹ ಫ್ರಾನ್ಸಿನದು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತ್ತಾದರೂ ಯುರೋಪ್ ಮಂಡಳಿ ಎಂಬ ಬೇರೆಯೇ ಸಂಸ್ಥೆಯ 1989ರ ಗಡಿಯಾಚೆಯ ಟೆಲಿವಿಷನ್ ಒಪ್ಪಂದವನ್ನು ಬಿಟ್ಟಿರಲಿಲ್ಲ. ಫ್ರಾನ್ಸ್‌ನ ವ್ಯಾಪ್ತಿಯ ಚಾನೆಲ್ ಆ ಒಪ್ಪಂದದ ದಾರಿಯಲ್ಲಿ ಬ್ರಿಟನ್ನಿಗೆ ಮತ್ತೆ ಬರಬಹುದಾಯಿತು. ಮುಂಬಾಗಿಲು ಮುಚ್ಚಿದರೆ ಹಿತ್ತಲು.

ಬಾಗಿಲು ಪೂರ್ತಿ ಹಾಕದೆ ಅರ್ಧ ಓರೆ ಮಾಡಿದ ಜಾಣತನವೂ ಇದೆ. ಬ್ರಿಟನ್ನಿನಲ್ಲಿ ನೋಂದಣಿಯಾದ ಎನ್‌ಟಿವಿ ಮಿರ್ ಲಿಥುವೇನಿಯಾ ಎಂಬ ರಷ್ಯನ್ ಭಾಷೆಯ ಚಾನೆಲ್ಲನ್ನು ಲಿಥುವೇನಿಯಾ 2016ರಲ್ಲಿ ನಿಷೇಧಿಸಲಿಲ್ಲ. 12 ತಿಂಗಳು ದುಡ್ಡು ಕೊಡುವ ಪ್ಯಾಕ್‌ನಲ್ಲಿ ಮಾತ್ರ ಇಡಬೇಕು ಎಂದಿತು. ಮರುಪ್ರಸಾರ ತಡೆದಂತಾಗಲಿಲ್ಲ, ಆದ್ದರಿಂದ ಇದು ಸರಿ ಎಂದು 2019ರ ಜುಲೈ 4ರಂದು ಯುರೋಪಿನ ನ್ಯಾಯಾಲಯ ಒಪ್ಪಿತು. ಪರೀಕ್ಷೆಗೆ ಓದುವವರು ಡೈನೊಸಾರ್ ಜೊತೆ ಇದನ್ನೂ ಇಟ್ಟುಕೊಳ್ಳಿ. 2022ರ ಮಾರ್ಚ್‌ನಲ್ಲಿ ರಷ್ಯಾದ ಸರ್ಕಾರಿ ಮಾಧ್ಯಮಗಳಾದ ಆರ್‌ಟಿ ಮತ್ತು ಸ್ಪುಟ್ನಿಕ್ ವಿಷಯ ಬಂದಾಗ ಯುರೋಪಿಯನ್ ಒಕ್ಕೂಟ ಮೂಲ ದೇಶದ ತತ್ವವನ್ನು ಪಕ್ಕಕ್ಕಿಟ್ಟು, ಪರದೇಶದ ಮೇಲೆ ಹೇರುವ ನಿರ್ಬಂಧಗಳ (ಸ್ಯಾಂಕ್ಷನ್) ಕಾನೂನನ್ನೇ ಬಳಸಿತು. ಅದರ ಒಕ್ಕಣೆ ಮೊದಲ ಉತ್ತರದಲ್ಲಿ ಹೇಳಿದ ನಮ್ಮ ಕೇಬಲ್ ನಿಯಮ 6(6)ರ ಹಾಗೇ ಇದೆ: ಕೇಬಲ್, ಉಪಗ್ರಹ, ಇಂಟರ್‌ನೆಟ್ ಯಾವುದರಿಂದಲೂ ಹಂಚುವವನು ಹಂಚಬಾರದು.

ಪ್ರಶ್ನೆ: ಬಾಂಗ್ಲಾದೇಶದಲ್ಲಿ ನಮ್ಮ ಚಾನೆಲ್‌ಗಳು ಜಾಹೀರಾತು ಇಲ್ಲದೆ ಬರುತ್ತವಂತೆ. ‘ಕ್ಲೀನ್ ಫೀಡ್’ ಎಂದರೇನು? (ವ್ಯಾಪಾರಿ, ಕೋಲಾರ)

ಉತ್ತರ: ಜಾಹೀರಾತು ತೆಗೆದು ಕಳಿಸುವ ಪ್ರಸಾರವೇ (ಫೀಡ್) ಕ್ಲೀನ್ ಫೀಡ್. ಏಕೆ ಬೇಕೆಂಬುದನ್ನು ಸೋಪಿನ ಕಂಪನಿಯ ಲೆಕ್ಕದಿಂದ ನೋಡಿ. ಭಾರತದ ಬಂಗಾಳಿ ಚಾನೆಲ್‌ನಲ್ಲಿ ಹಾಕಿದ ಜಾಹೀರಾತು ಢಾಕಾದಲ್ಲೂ ಬಿಟ್ಟಿಯಾಗಿ ಕಾಣುತ್ತಿದ್ದರೆ ಢಾಕಾದ ಚಾನೆಲ್‌ಗೆ ಬೇರೆ ದುಡ್ಡು ಕೊಡುವುದೇಕೆ? ಅಲ್ಲಿನ 2006ರ ಕೇಬಲ್ ಕಾಯ್ದೆಯಲ್ಲೇ ವಿದೇಶಿ ಚಾನೆಲ್ ಜಾಹೀರಾತಿಲ್ಲದೆ ಬರಬೇಕು ಎಂದಿತ್ತು. ಕಟ್ಟುನಿಟ್ಟಾದದ್ದು 2021ರ ಅಕ್ಟೋಬರ್ 1ರಿಂದ. ಅಂದು ಕೇಬಲ್‌ನವರು ವಿದೇಶಿ ಚಾನೆಲ್‌ಗಳನ್ನೇ ನಿಲ್ಲಿಸಿಬಿಟ್ಟರು. ಕ್ಲೀನ್ ಫೀಡ್ ಇದ್ದವು ಕೆಲವೇ ದಿನಗಳಲ್ಲಿ ಮರಳಿದವು. ನೇಪಾಳ ಅದಕ್ಕೆ ಒಂದು ವರ್ಷ ಮೊದಲೇ, 2020ರ ಅಕ್ಟೋಬರ್‌ನಿಂದ, ಇದನ್ನು ಜಾರಿಗೆ ತಂದಿತ್ತು.

ತಾಂತ್ರಿಕವಾಗಿ ಕಷ್ಟ ಅಷ್ಟಿಲ್ಲ, ಕಿರಿಕಿರಿ ಬಹಳ. ಚಾನೆಲ್‌ನ ಪ್ಲೇಔಟ್ ಸರ್ವರ್‌ನಿಂದ (ಕಾರ್ಯಕ್ರಮಗಳನ್ನು ಸರದಿಯಂತೆ ಪ್ರಸಾರಕ್ಕೆ ಬಿಡುವ ಕಂಪ್ಯೂಟರ್) ಎರಡನೇ ಫೀಡ್ ತೆಗೆಯಬೇಕು. ಪ್ರತಿ ಬ್ರೇಕಿನ ಆರಂಭಕ್ಕೂ ಕೊನೆಗೂ ಒಂದೊಂದು ಸಂಕೇತ ಹೋಗುತ್ತದೆ. ಅದನ್ನು ಕಂಡ ಕೂಡಲೇ ಯಂತ್ರ ಜಾಹೀರಾತಿನ ಜಾಗಕ್ಕೆ ಪ್ರೊಮೊ (ಚಾನೆಲ್‌ನ ಸ್ವಂತ ಕಾರ್ಯಕ್ರಮಗಳ ಪ್ರಚಾರದ ತುಣುಕು) ತುಂಬುತ್ತದೆ. ಸಂಕೇತ ಅರ್ಧ ಸೆಕೆಂಡ್ ತಡವಾದರೆ ಮೊದಲ ಜಾಹೀರಾತಿನ ಬಾಲ ಕಾಣಿಸಿ ದೂರು ಬರುತ್ತದೆ. ನೇರ ಪ್ರಸಾರದಲ್ಲಿ ಓವರ್ ಮಧ್ಯೆ ಬ್ರೇಕ್ ಎಷ್ಟು ಹೊತ್ತು ಎಂದು ಮೊದಲೇ ಗೊತ್ತಿರುವುದಿಲ್ಲ, ಅಲ್ಲಿ ಕೈಯಿಂದಲೇ ಒತ್ತಬೇಕು. ಪರದೆಯ ಕೆಳಗೆ ಹರಿಯುವ ಪಟ್ಟಿ, ‘ಈ ಕಾರ್ಯಕ್ರಮ ಅರ್ಪಿಸುತ್ತಿರುವವರು’ ಎಂಬ ತುಣುಕು, ಧಾರಾವಾಹಿಯೊಳಗೇ ಸೊಸೆ ಕೈಗೆ ಕೊಟ್ಟ ಸಾಬೂನು ಇವನ್ನು ಕತ್ತರಿಸುವುದು ಆಗದು; ಪಟ್ಟಿ ಇಲ್ಲದ ಮೂಲ ಚಿತ್ರವನ್ನೇ ಬೇರೆಯಾಗಿ ಕಳಿಸಬೇಕು. ಎಸ್‌ಡಿ ಫೀಡ್ ಒಂದಕ್ಕೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಜಾಗ, ಅದರ ಉಪಗ್ರಹ ಬಾಡಿಗೆ ಬೇರೆ. ಹೊರದೇಶದ ಫೀಡ್‌ನಲ್ಲಿ ಕನ್ನಡ ಧಾರಾವಾಹಿ ನೋಡುವ ಬಂಧುಗಳು ‘ಒಂದೇ ಪ್ರೊಮೊ ಮೂರು ಮೂರು ಸಲ ಬರುತ್ತೆ’ ಎಂದು ಗೊಣಗುವುದೂ ಇದರಿಂದಲೇ. ಜಾಹೀರಾತು ಮಾರಿಲ್ಲದ ಹೊತ್ತನ್ನು ತುಂಬಲು ಬೇರೇನೂ ಇರುವುದಿಲ್ಲ.

ಕೆನಡಾ ಇನ್ನೂ ಹಳೆಯ ಕೈ. ಅಮೆರಿಕದ ಗಡಿ ಚಾನೆಲ್‌ಗಳು ಅಲ್ಲಿಗೆ ಆಂಟೆನಾದಲ್ಲೇ ಸಿಗುತ್ತವೆ. ಒಂದೇ ಕಾರ್ಯಕ್ರಮ ಎರಡೂ ಕಡೆ ಒಂದೇ ಹೊತ್ತಿಗೆ ಬಂದರೆ ಕೇಬಲ್‌ನವರು ಅಮೆರಿಕದ ಚಾನೆಲ್ ಸಂಖ್ಯೆಯಲ್ಲೂ ಕೆನಡಾದ ಸಿಗ್ನಲ್ಲನ್ನೇ ಹಾಕಬೇಕು, ಕೆನಡಾದ ಜಾಹೀರಾತಿನೊಂದಿಗೆ. ಸಾಲದ್ದಕ್ಕೆ, ಕೆನಡಾದ ವೀಕ್ಷಕರನ್ನು ಮುಟ್ಟಲು ಅಮೆರಿಕದ ಚಾನೆಲ್‌ನಲ್ಲಿ ಜಾಹೀರಾತು ಕೊಟ್ಟ ಕಂಪನಿ ಅದನ್ನು ವೆಚ್ಚವೆಂದು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. 1976ರಿಂದ ಈ ಕಟ್ಟಳೆ. ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯದ ಅಮೆರಿಕನ್ ಜಾಹೀರಾತುಗಳನ್ನು ಜನ ಬಯಸಿ ನೋಡುತ್ತಾರೆಂದು ಕೆನಡಾದ ನಿಯಂತ್ರಕರು 2017ರಲ್ಲಿ ಆ ಪಂದ್ಯಕ್ಕೆ ಮಾತ್ರ ಬದಲಿ ಸಿಗ್ನಲ್ ನಿಲ್ಲಿಸಿದರು. 2019ರ ಡಿಸೆಂಬರ್ 19ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ತೆರಿಗೆ ಪುಸ್ತಕದಿಂದ ಟಿವಿ ಆಳುವ ಈ ಉಪಾಯ ನಮಗೆ ನಿಷೇಧಕ್ಕಿಂತ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ.

ಪ್ರಶ್ನೆ: ಉಪಗ್ರಹದ ಸಿಗ್ನಲ್ ಗಡಿಯ ಗೆರೆಗೆ ಸರಿಯಾಗಿ ನಿಲ್ಲುವಂತೆ ಮಾಡಲಾಗದೇ? (ಹವ್ಯಾಸಿ ರೇಡಿಯೊ ಆಸಕ್ತರು, ತುಮಕೂರು)

ಉತ್ತರ: 35,786 ಕಿಲೋಮೀಟರ್ ಮೇಲಿನಿಂದ ಬೀಳುವ ಕಿರಣಕ್ಕೆ ಅಂಚು ಎಂಬುದು ಗೆರೆಯಲ್ಲ, ಇಳಿಜಾರು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮ 23.13ರಲ್ಲಿ, ನೇರ ಪ್ರಸಾರದ ಉಪಗ್ರಹ ಕಟ್ಟುವವರು ಪರದೇಶದ ಮೇಲೆ ಬೀಳುವ ಕಿರಣವನ್ನು ಸಾಧ್ಯವಿದ್ದಷ್ಟೂ ತಗ್ಗಿಸಬೇಕು ಎಂದಿದೆ. ಅದರಲ್ಲಿ ‘ಸಾಧ್ಯವಿದ್ದಷ್ಟೂ’ ಎಂಬ ಪದವೇ ಎಲ್ಲ. 1982ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಪ್ರಸಾರಕ್ಕೆ ಮೊದಲೇ ಸಿಗ್ನಲ್ ಬೀಳುವ ದೇಶದ ಜೊತೆ ಸಮಾಲೋಚಿಸಬೇಕೆಂಬ ಸೂತ್ರಗಳನ್ನು 107–13 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದವರಲ್ಲಿ ಉಪಗ್ರಹ ತಂತ್ರಜ್ಞಾನ ಕೈಯಲ್ಲಿದ್ದ ಪಾಶ್ಚಾತ್ಯ ದೇಶಗಳೇ ಮುಖ್ಯ. ಸೂತ್ರಗಳು ಕಾಗದದಲ್ಲೇ ಉಳಿದವು.

ನಮ್ಮವರು ಒಮ್ಮೆ ತರಂಗಾಂತರದಿಂದಲೇ ಗೋಡೆ ಕಟ್ಟಲು ನೋಡಿದ್ದರು. 1997ರ ಜುಲೈ 16ರ ಅಧಿಸೂಚನೆ 4800 ಮೆಗಾಹರ್ಟ್ಸ್‌ಗಿಂತ ಮೇಲಿನ ಡಿಟಿಎಚ್ ಉಪಕರಣ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಸಿ-ಬ್ಯಾಂಡ್‌ನ ದೊಡ್ಡ ಡಿಶ್ ಸರಿ, ಕು-ಬ್ಯಾಂಡ್‌ನ ಪುಟ್ಟ ತಟ್ಟೆ ಅಪರಾಧ. 2001ರಲ್ಲಿ ಡಿಟಿಎಚ್ ಮಾರ್ಗಸೂಚಿ ಬಂದು ಅದು ಮುಗಿಯಿತು. ಇಂದು ಪೂರ್ವಕ್ಕೆ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ ಡಿಡಿ ಫ್ರೀ ಡಿಶ್ ಬರುತ್ತದೆ. ತುಮಕೂರು–ಬೆಂಗಳೂರು ಸೀಮೆಯಲ್ಲಿ ದಿಕ್ಸೂಚಿಯ 128 ಡಿಗ್ರಿ ಸುಮಾರಿಗೆ, ನೆಲದಿಂದ 66 ಡಿಗ್ರಿ ಎತ್ತರಕ್ಕೆ ಗುರಿಯಿಡಬೇಕು. ಆಫ್‌ಸೆಟ್ ತಟ್ಟೆ (ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಬದಿಗಿರುವ ಮನೆಬಳಕೆಯ ತಟ್ಟೆ) ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಮಿಕ್ಕಿ ನೆಟ್ಟಗೆ ನಿಂತಂತೆ ಕಾಣುತ್ತದೆ, ಗಾಬರಿ ಬೇಡ. ಈ ಸಿಗ್ನಲ್ ಎನ್‌ಕ್ರಿಪ್ಟ್ ಆಗಿಲ್ಲದ ಕಾರಣ ಗಡಿಯಾಚೆಯ ನೆರೆಯವರಿಗೂ ಸಿಗುತ್ತದೆ; ದೂರು ಹೇಳುವ ಸರದಿ ಅವರದೂ ಇರಬಹುದು.

ಪ್ರಶ್ನೆ: ವಿದೇಶಿ ಚಾನೆಲ್‌ನ ಕಾರ್ಯಕ್ರಮದ ಬಗ್ಗೆ ದೂರು ಕೊಡುವುದು ಎಲ್ಲಿ? (ಓದುಗರು, ಶಿವಮೊಗ್ಗ)

ಉತ್ತರ: ಇಲ್ಲಿ ಅನುಮತಿ ಪಡೆದ ಚಾನೆಲ್ ಆದರೆ ನಮ್ಮದೇ ಮೂರು ಮೆಟ್ಟಿಲು, 2021ರ ಜೂನ್ 17ರ ತಿದ್ದುಪಡಿಯಿಂದ ಬಂದದ್ದು. ಮೊದಲು ಚಾನೆಲ್‌ನ ದೂರು ಅಧಿಕಾರಿಗೆ ಬರೆಯಿರಿ. 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಬರಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಚಾನೆಲ್ ಸೇರಿರುವ ಸ್ವಯಂನಿಯಂತ್ರಣ ಮಂಡಳಿಗೆ ಮೇಲ್ಮನವಿ. ಅವರಿಗೆ 60 ದಿನ. ಅದೂ ಸಾಲದಿದ್ದರೆ ಮತ್ತೆ 15 ದಿನದೊಳಗೆ ಕೇಂದ್ರ ಸರ್ಕಾರಕ್ಕೆ. ಅನುಮತಿಯೇ ಇಲ್ಲದ ಚಾನೆಲ್ ನಿಮ್ಮ ಕೇಬಲ್‌ನಲ್ಲಿ ಬರುತ್ತಿದ್ದರೆ ಈ ಮೆಟ್ಟಿಲು ಹತ್ತಬೇಕಿಲ್ಲ, ನೇರ ಜಿಲ್ಲಾಧಿಕಾರಿ ಕಚೇರಿಗೆ ಬರೆಯಿರಿ.

ಪತ್ರದಲ್ಲಿ ‘ನಿನ್ನೆ ರಾತ್ರಿ ಕೆಟ್ಟ ದೃಶ್ಯ ಬಂತು’ ಎಂದರೆ ಕೆಲಸವಾಗದು. ಚಾನೆಲ್‌ನ ಪೂರ್ತಿ ಹೆಸರು, ದಿನಾಂಕ, ಗಂಟೆ ನಿಮಿಷ, ಕೇಬಲ್ಲೋ ಡಿಟಿಎಚ್ಚೋ, ಚಾನೆಲ್ ಸಂಖ್ಯೆ, ಯಾವ ಸಂಹಿತೆಗೆ ವಿರುದ್ಧ ಎಂಬುದಿಷ್ಟು ಬರೆಯಿರಿ. ಕಾರ್ಯಕ್ರಮ ಸಂಹಿತೆ 6ನೇ ನಿಯಮದಲ್ಲಿದೆ, ಜಾಹೀರಾತು ಸಂಹಿತೆ 7ರಲ್ಲಿ. ಗಂಟೆಗೆ 12 ನಿಮಿಷ ಮೀರಿದ ಜಾಹೀರಾತೂ ದೂರಿಗೆ ಅರ್ಹ. ತಡಮಾಡಬೇಡಿ: ಪ್ರಸಾರವಾದದ್ದರ ದಾಖಲೆಯನ್ನು ಚಾನೆಲ್ ಇಟ್ಟುಕೊಳ್ಳಬೇಕಾದದ್ದು 90 ದಿನ. ತೊಂಬತ್ತೊಂದನೇ ದಿನ ನೀವು ಬರೆದರೆ ತೋರಿಸಲು ಅವರ ಬಳಿ ಏನೂ ಇರಬೇಕಾಗಿಲ್ಲ.